ಮೊಳ ಹಾಕಿ ಅಳೆದ ವೈರು

ಹತ್ತು ಹನ್ನೆರಡು ದಿನದ ಹಿಂದೆ, ಬೆಳಿಗ್ಗೆ ಹಾಲಿನ ಬೂತಿನ ಮುಂದೆ ನಿಂತಿದ್ದೆ. ಹಿಂದಿನಿಂದ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಮೇಷ್ಟ್ರು. ಚಾಮರಾಜಪೇಟೆಯ ಅರ್ಧ ಜನಕ್ಕೆ ಕಿವಿ ಹಿಂಡಿ ಕನ್ನಡ ಕಲಿಸಿ ರಿಟೈರ್ ಆದವರು. ಯಾರನ್ನೂ ಹೊಗಳುವ ಪೈಕಿ ಅಲ್ಲ.

"ಅಮ್ಮ, ಹೋದ ವಾರ ನೀವು ಬರೆದಿದ್ದು ಓದ್ದೆ. ಆ ವಾಕಿಂಗ್ ವಿಷಯ."

"ಹೂಂ."

"ಮಾಮೂಲಿ ಅನ್ಕೊಂಡು ಓದ್ತಾ ಇದ್ದೆ. ಕೊನೇ ಸಾಲಿಗೆ ಬಂದು ನಿಂತ್ಬಿಟ್ಟೆ ನೋಡಿ. ನಮ್ಮ ಮನೆಯವಳನ್ನ ಅಡುಗೆಮನೆಯಿಂದ ಕರೆದು ಓದಿ ಹೇಳ್ದೆ."

'ಮಾಮೂಲಿ' ಅಂದದ್ದು ನನಗೆ ಹಿಡಿಸಲಿಲ್ಲ. ಆದರೂ ಖುಷಿಯಾಯಿತು. ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿ ಮಾಡಿದವಳಲ್ಲ. ಮೇಷ್ಟ್ರ ಬಾಯಿಂದ ಅಂಥ ಮಾತು ಬಂದರೆ ಬಿಡುವುದುಂಟೆ? ಹಾಲಿನ ಪ್ಯಾಕೆಟ್ಟು ತೂಗಾಡಿಸಿಕೊಂಡು ಹುಡುಗಿಯ ಹಾಗೆ ಮನೆಗೆ ಬಂದೆ. ಪೇಪರ್ ತೆಗೆದೆ. (ನಾನು ಬರೆದದ್ದನ್ನು ಅಚ್ಚಾದ ಮೇಲೆ ನಾನು ಓದುವುದಿಲ್ಲ. ಮಾಡಿದ ಅಡುಗೆಯನ್ನು ಬಡಿಸಿದ ಮೇಲೂ ರುಚಿ ನೋಡುತ್ತಾರೆಯೇ?)

ಕೊನೆಯ ಸಾಲು ಹೀಗಿತ್ತು: "ಪಾರ್ಕಿನಲ್ಲಿ ದಿನವೂ ಸುತ್ತು ಹೊಡೆಯುವ ನಮಗೆ, ಕಾಲು ನೋವೆಂದು ಮನೆಯಲ್ಲಿ ಕೂತವರ ಬಾಗಿಲು ಮಾತ್ರ ಯಾಕಷ್ಟು ದೂರ?"

ಇದನ್ನು ನಾನು ಬರೆದಿರಲಿಲ್ಲ.

ನಾನು ಬರೆದದ್ದು: "ಆದ್ದರಿಂದ ಎಲ್ಲರೂ ವಾಕಿಂಗ್ ಮಾಡುವುದು ಆರೋಗ್ಯಕ್ಕೆ ಒಳ್ಳೆಯದು."

ಎರಡು ಸಲ ಓದಿದೆ. ಮೂರನೇ ಸಲ ಓದುವಾಗ ಯಾರ ಕೈಕೆಲಸ ಎಂದು ತಿಳಿಯಿತು. ನಮ್ಮ ಮನೆಯಲ್ಲಿ ಕಾಲು ನೋವೆಂದು ಕೂತಿರುವವಳು ಒಬ್ಬಳೇ. ಮೇಲಿನ ಮನೆಯಲ್ಲಿ. ನನ್ನ ವಾರಗಿತ್ತಿ ಪದ್ಮ.

ಮಂಡಿ ಊದಿದೆ ಅಂತ ಅವಳು ಮಹಡಿ ಇಳಿಯುವುದನ್ನು ಬಿಟ್ಟು ಆಗಲೇ ಎಷ್ಟೋ ದಿನವಾಗಿತ್ತು. ನಾನು ಮೇಲೆ ಹತ್ತಿರಲಿಲ್ಲ. ಅದಕ್ಕೆ ಈ ಏಟು. ನನ್ನ ಅಂಕಣದಲ್ಲಿ, ನನ್ನ ಹೆಸರಿನ ಕೆಳಗೆ, ನನಗೇ! ಅದನ್ನು ಓದಿ ಮೇಷ್ಟ್ರು ಹೆಂಡತಿಯನ್ನು ಬೇರೆ ಕರೆದಿದ್ದಾರೆ.

ಪದ್ಮನನ್ನು ನೀವು ಬಲ್ಲಿರಿ. ಈ ಕಾಲಂನಲ್ಲಿ ಹೆಸರು ಹೇಳದೆ ಅವಳನ್ನು ಬೇಕಾದಷ್ಟು ಸಲ ಬೈದಿದ್ದೇನೆ. ಇವತ್ತು ಹೆಸರು ಹಿಡಿದೇ ಹೇಳುತ್ತೇನೆ. ನಾನು ಈ ಮನೆಗೆ ದೊಡ್ಡ ಸೊಸೆ, ಅವಳು ಚಿಕ್ಕ ಸೊಸೆ. ನಾನು ಬಂದದ್ದು ಪಾತ್ರೆ ಪಡಗ ಹೊತ್ತುಕೊಂಡು. ಅವಳು ಬಂದದ್ದು ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಟೆಲಿಫೋನ್ ಆಫೀಸಿನ ಕೆಲಸದ ಜೊತೆಗೆ. ಬೆಳಿಗ್ಗೆ ಗಂಜಿ ಹಾಕಿದ ವಾಯಿಲ್ ಸೀರೆ ಉಟ್ಟು, ಕೈಗೆ ವಾಚು ಕಟ್ಟಿ ಟಕಟಕ ಅಂತ ಬಸ್ಸಿಗೆ ಹೋಗುವಳು. ನಾನು ಒರಳಿನ ಮುಂದೆ. ಸಾಯಂಕಾಲ ಅವಳು ಬರುವ ಹೊತ್ತಿಗೆ ನಮ್ಮ ಅತ್ತೆ ಬಿಸಿ ಕಾಫಿ ಮಾಡಿ, ಲೋಟದ ಮೇಲೆ ತಟ್ಟೆ ಮುಚ್ಚಿ ಇಡುತ್ತಿದ್ದರು. "ಪಾಪ, ದುಡಿದು ಬರ್ತಾಳೆ" ಅಂತ.

ದಿನವಿಡೀ ರುಬ್ಬಿದವಳಿಗೆ ಅದು ದುಡಿಮೆಯಲ್ಲ. ಆ ಕಾಫಿಯ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಹೊಟ್ಟೆಕಿಚ್ಚು ಅನ್ನುತ್ತೀರಾ? ಅನ್ನಿ. ಇದ್ದದ್ದನ್ನು ಇಲ್ಲ ಅಂತ ನಾನು ಯಾಕೆ ಹೇಳಲಿ?

ಅವಳಿಗೆ ಓದು ಬಂತು, ಸಂಬಳ ಬಂತು, ಈಗ ಪೆನ್ಶನ್ ಬರುತ್ತಿದೆ. ಅವಳಿಗಿಲ್ಲದೆ ನನಗೆ ಮಾತ್ರ ಇರುವುದು ಒಂದೇ ಒಂದು. ಈ ಅಂಕಣ. ಕಸದ ಗಾಡಿ ಬರುವುದಿಲ್ಲ ಎಂದು ಈ ಪತ್ರಿಕೆಯವರ ಹತ್ತಿರ ಜಗಳಕ್ಕೆ ಹೋಗಿದ್ದೆ. "ಹೀಗೇ ಬರೆದ್ಕೊಡಿ ಅಜ್ಜಿ" ಅಂದರು. ಬರೆದುಕೊಟ್ಟೆ. ಇಲ್ಲಿಯ ತನಕ ಬಂತು. ಇದರಲ್ಲೂ ಅವಳ ಕೈ ಬಂದರೆ ನಾನೇನು ಮಾಡಲಿ?

ಬಂದದ್ದು ಹೇಗೆ ಅಂತ ಕೇಳಿ.

ನಾನು ಬರೆಯುವುದು ಪೆನ್ಸಿಲಿನಲ್ಲಿ. ಒತ್ತಕ್ಷರ ಕೆಲವು ಕಡೆ ಇರುತ್ತದೆ, ಕೆಲವು ಕಡೆ ಇರುವುದಿಲ್ಲ. ಅದನ್ನು ಕಂಪ್ಯೂಟರಿನಲ್ಲಿ ಕುಟ್ಟಿ, ತಿದ್ದಿ, ಈಮೇಲ್ ಮಾಡಿ ಕಳಿಸುವವಳು ನನ್ನ ಮೊಮ್ಮಗಳು ಚೈತ್ರ, ಡಿಗ್ರಿ ಓದುತ್ತಿದ್ದಾಳೆ. ಮೊದಮೊದಲು ನಮ್ಮ ಕಂಪ್ಯೂಟರಿನಲ್ಲೇ ಮಾಡುತ್ತಿದ್ದಳು. ಆಮೇಲೆ ಕಾಗದ ಹಿಡಿದುಕೊಂಡು ಮಹಡಿ ಹತ್ತಲು ಶುರುಮಾಡಿದಳು.

"ಯಾಕೇ, ನಮ್ಮ ಕಂಪ್ಯೂಟರಿಗೆ ಏನಾಗಿದೆ?"

"ಸ್ಪೀಡೇ ಇಲ್ಲ ಅಜ್ಜಿ. ಒಂದು ಮೇಲ್ ಕಳ್ಸಕ್ಕೆ ಹೋದ್ರೆ ಸುತ್ತತ್ತೆ, ಸುತ್ತತ್ತೆ, ಕೊನೆಗೆ ಆಗಲ್ಲ ಅನ್ನತ್ತೆ. ಚಿಕ್ಕಜ್ಜಿ ಮನೇಲಿ ಟಕ್ ಅಂತ ಹೋಗತ್ತೆ."

ಹೋದವಳು ಬೇಗ ಬರುತ್ತಾಳೆಯೇ? ಇಲ್ಲ. ಮೇಲಿಂದ ನಗು ಕೇಳಿಸುತ್ತದೆ. ಕೋಡುಬಳೆ ಕಡಿಯುವ ಸದ್ದು ಕೇಳಿಸುತ್ತದೆ. ನನ್ನ ಬರಹ ಇಟ್ಟುಕೊಂಡು ಇಬ್ಬರೂ ಏನು ನಗುತ್ತಿದ್ದರು ಎಂದು ಈಗ ಗೊತ್ತಾಯಿತು. ನಿಮ್ಮೆಲ್ಲರಿಗಿಂತ ಮುಂಚೆ ನನ್ನನ್ನು ಓದುತ್ತಿದ್ದವಳು ಪದ್ಮ. ಓದಿ ಸುಮ್ಮನಿರಲಿಲ್ಲ. ತುದಿಗೆ ಒಗ್ಗರಣೆ ಹಾಕಿದ್ದಾಳೆ.

ಒಂದೇ ಮನೆ, ಒಂದೇ ಇಂಟರ್ನೆಟ್ಟು. ಅವಳಿಗೆ ಟಕ್, ನನಗೆ ಸುತ್ತು. ಇದು ಹೇಗೆ?

ನಾನು ತಿಳಿದುಕೊಂಡದ್ದು ಹೀಗೆ. ಕಾವೇರಿ ನೀರು ಬರುವ ದಿನ ನಮ್ಮ ಬೀದಿಯಲ್ಲಿ ಏನಾಗುತ್ತದೆ? ಪೈಪಿಗೆ ಮೋಟಾರು ಇಟ್ಟವರು ಜಗ್ಗಿಕೊಳ್ಳುತ್ತಾರೆ. ಇಡದವರ ನಲ್ಲಿ ಬುಸ್ ಅನ್ನುತ್ತದೆ. ಇಂಟರ್ನೆಟ್ಟೂ ಪೈಪಿನಲ್ಲಿ ಬರುವುದೇ ತಾನೆ? ಪದ್ಮ ಮೇಲೆ ಏನೋ ಇಟ್ಟು ಜಗ್ಗಿಕೊಳ್ಳುತ್ತಿದ್ದಾಳೆ. ಟೆಲಿಫೋನ್ ಆಫೀಸಿನವಳಿಗೆ ಇದೆಲ್ಲ ಗೊತ್ತಿರದೆ ಇರುತ್ತದೆಯೇ?

ಮಗ ನಾಗರಾಜನಿಗೆ ಹೇಳಿದೆ. "ನಮಗೂ ಒಂದು ಮೋಟಾರ್ ಹಾಕ್ಸು."

"ಅಮ್ಮ, ಇಂಟರ್ನೆಟ್ಟಿಗೆ ಮೋಟಾರ್ ಇರಲ್ಲ."

"ಅವಳ ಹತ್ರ ಇದೆ."

"ಇಲ್ಲಮ್ಮ."

"ನೀನು ಹೋಗಿ ನೋಡಿದ್ಯಾ?"

ಅವನು ಪೇಪರಿನ ಹಿಂದೆ ಮುಖ ಇಟ್ಟುಕೊಂಡ. ಅವರಪ್ಪನೂ ಹೀಗೇ ಮಾಡುತ್ತಿದ್ದರು.

ಈಗ ವೈರಿನ ಕಥೆಗೆ ಬರುತ್ತೇನೆ. ಎರಡು ಮನೆಗೂ ಸೇರಿ ನಮ್ಮದು ಒಂದೇ ಫೋನು. ಕೆಳಗೆ ಹಜಾರದ ಗೂಡಿನಲ್ಲಿ ಕೂತಿದೆ. ಇಂಟರ್ನೆಟ್ ಹಾಕಿಸಿದಾಗ ಫೋನಿನ ಪಕ್ಕ ಒಂದು ಡಬ್ಬಿ ಇಟ್ಟರು. ಹಸಿರು ದೀಪ ಮಿಣಮಿಣ ಅನ್ನುತ್ತದೆ. ಆ ಡಬ್ಬಿಯಿಂದ ಮೇಲಿನ ಮನೆಗೊಂದು ವೈರು, ನಮಗೊಂದು ವೈರು. ಎರಡೂ ಬೂದು ಬಣ್ಣ, ಕಿರುಬೆರಳಿಗಿಂತ ಸಪೂರ.

ಕೇಬಲ್ಲಿನವನು ವೈರಿನ ಸುರುಳಿ ಹೊತ್ತುಕೊಂಡು ಬಂದ. ಪದ್ಮನ ಕಂಪ್ಯೂಟರು ಮಹಡಿಯ ಹಿಂದಿನ ಕೋಣೆಯಲ್ಲಿ. ಗೋಡೆ ಹತ್ತಿ, ಮೆಟ್ಟಿಲ ಮೇಲೆ ಹಾದು, ಪಡಸಾಲೆ ದಾಟಿ ಹೋಗಬೇಕು. ಅವಳಿಗೆ ಬೇಕಾದಷ್ಟು ಉದ್ದ ಬಿಚ್ಚಿ ಬಿಚ್ಚಿ ಎಳೆದ. ನಮ್ಮ ಕಂಪ್ಯೂಟರು ಹಜಾರದ ಗೋಡೆಯ ಆ ಕಡೆಯೇ. ತೂತು ಕೊರೆದು ಒಂದು ಚೋಟು ವೈರು ತೂರಿಸಿ "ಆಯ್ತಮ್ಮ" ಅಂದ.

"ಏನಪ್ಪಾ ಆಯ್ತು? ಅವರಿಗೆ ಅಷ್ಟು, ನಮಗೆ ಇಷ್ಟಾ?"

"ನಿಮಗೆ ಇಷ್ಟೇ ಸಾಕಮ್ಮ. ಪಕ್ಕದಲ್ಲೇ ಇದೆಯಲ್ಲ."

ಸಾಕೋ ಸಾಲದೋ ಹೇಳಲು ಅವನು ಯಾರು? ನಮ್ಮ ಮನೆ ಪಾಲಾದಾಗ ಹಿತ್ತಾಳೆ ತಪ್ಪಲೆಯನ್ನು ಕೂಡ ತೂಕ ಹಾಕಿ ಹಂಚಿಕೊಂಡವರು ನಾವು. ದೇವರ ಮನೆಯ ಘಂಟೆ ಅವಳಿಗೆ ಹೋದರೆ ದೀಪದ ಕಂಬ ನನಗೆ. ಹಬ್ಬಕ್ಕೆ ಹೂ ತಂದರೂ ಅವಳಿಗೆಷ್ಟು ಮೊಳವೋ ನನಗೂ ಅಷ್ಟು ಮೊಳ. ನನ್ನ ತಲೆಯಲ್ಲಿ ಕೂದಲು ಕಡಿಮೆ ಅಂತ ಯಾರೂ ನನ್ನ ಹೂವು ಕತ್ತರಿಸಿಲ್ಲ! ವೈರು ಮಾತ್ರ ಬೇರೆಯೇ?

ಅವಳ ವೈರನ್ನು ಗೋಡೆಗೆ ಹೊಡೆಯುವ ಮುಂಚೆ ಮೊಳ ಹಾಕಿ ಅಳೆದೆ. ಮೊಣಕೈಯಿಂದ ಬೆರಳ ತುದಿ, ಮೊಣಕೈಯಿಂದ ಬೆರಳ ತುದಿ. ನಮಗೂ ಅಷ್ಟೇ ಅಳೆದು ಕತ್ತರಿಸು ಅಂದೆ. ಅವನು ನಾಗರಾಜನ ಮುಖ ನೋಡಿದ. ನಾಗರಾಜ ಸೂರು ನೋಡಿದ. ಅಳೆದು ಕತ್ತರಿಸಿ ಎರಡೂ ತುದಿಗೆ ಗಾಜಿನ ಹಾಗಿರುವ ಪ್ಲಾಸ್ಟಿಕ್ ಪಿನ್ನು ಒತ್ತಿ ಕೊಟ್ಟು ಹೋದ.

ಮಿಕ್ಕ ವೈರನ್ನು ಏನು ಮಾಡುವುದು? ನೆಲದ ಮೇಲೆ ಹಾವಿನ ಹಾಗೆ ಬಿದ್ದಿತ್ತು. ಅಚ್ಚುಕಟ್ಟು ಅಂದರೆ ನಾನು. ಸೀರೆ ಮಡಿಸಿದ ಹಾಗೆ ಮಡಿಸಿದೆ. ಮಡಿಕೆ ನಿಲ್ಲಲಿಲ್ಲ, ಒತ್ತಿ ಒತ್ತಿ ನಿಲ್ಲಿಸಿದೆ. ದಾರ ಸುತ್ತಿ ಬಿಗಿದೆ. ಆಮೇಲೂ ಉಬ್ಬಿಕೊಂಡಿತ್ತು ಅಂತ ಗಾಡ್ರೆಜ್ ಬೀರುವಿನ ಕಾಲ ಕೆಳಗೆ ತುರುಕಿಸಿದೆ. (ಬೀರು ಎತ್ತಿದವನು ನಾಗರಾಜ. ಗೊಣಗಿಕೊಂಡೇ ಎತ್ತಿದ.) ಕಣ್ಣಿಗೆ ಕಾಣದ ಹಾಗೆ ಸೇರಿಹೋಯಿತು. ನೋಡಿದವರು ಭೇಷ್ ಅನ್ನಬೇಕು, ಹಾಗೆ.

ಇದು ವೈರಿನ ಕಥೆ. ಈಗ ಕೊನೆಯ ಸಾಲಿನ ಜಗಳಕ್ಕೆ ವಾಪಸು ಬನ್ನಿ.

ಚೈತ್ರಳನ್ನು ಹಿಡಿದು ಕೇಳಿದೆ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವರಮ್ಮನ ಹಾಗೆ.

"ಚಿಕ್ಕಜ್ಜಿ ಹೇಳಿದ್ರು ಅಜ್ಜಿ. ಚೆನ್ನಾಗಿತ್ತು. ಹಾಕ್ಬಿಟ್ಟೆ."

"ನಂದೇನಾಗಿತ್ತು?"

"ಅಜ್ಜಿ, ಆರೋಗ್ಯಕ್ಕೆ ಒಳ್ಳೆಯದು ಅಂತ ಸೋಪಿನ ಡಬ್ಬಿ ಮೇಲೂ ಬರೆದಿರತ್ತೆ."

ಅವತ್ತು ಭಾನುವಾರ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಹಡಿ ಹತ್ತಿದೆ. ಪದ್ಮ ಸ್ಟೂಲಿನ ಮೇಲೆ ಕಾಲು ಚಾಚಿ, ಮಂಡಿಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿ ಚೀಲ ಪಕ್ಕಕ್ಕಿಟ್ಟಳು.

"ಕೊನೆಗೂ ಬಂದ್ರಲ್ಲ ಅಕ್ಕ. ಕೂತ್ಕೊಳಿ."

"ಕೂತ್ಕೊಳಕ್ಕೆ ಬಂದಿಲ್ಲ. ನನ್ನ ಬರಹಕ್ಕೆ ಕೈ ಹಾಕು ಅಂತ ನಿನಗೆ ಯಾರು ಹೇಳಿದ್ರು?"

"ಒಂದೇ ಸಾಲು ಅಕ್ಕ."

"ಹನಿ ಹುಳಿ ಸಾಕು ಹಾಲು ಒಡೆಯಕ್ಕೆ."

"ಒಡೀತಾ? ಮೇಷ್ಟ್ರ ಹೆಂಡ್ತಿ ಫೋನ್ ಮಾಡಿ ನಿಮ್ಮ ಅಕ್ಕ ಎಷ್ಟು ಚೆನ್ನಾಗಿ ಬರೀತಾರೆ ಅಂದ್ರು. ನಾನು ಹೂಂ ಅಂದೆ. ನಂದು ಅಂತ ಹೇಳ್ದೆನಾ?"

ಇದೇ ನೋಡಿ, ಇದೇ ನನಗೆ ಆಗದ್ದು. ನಂದು ಅಂತ ಹೇಳಿಕೊಂಡು ಕುಣಿದಿದ್ದರೆ ನಾಲ್ಕು ಬೈದು ಇಳಿದು ಬರುತ್ತಿದ್ದೆ. ಕೊಟ್ಟೂ ಸುಮ್ಮನಿರುವವರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಹೇಗೆ?

"ಇನ್ಮೇಲೆ ಚೈತು ಇಲ್ಲಿಗೆ ಬರಲ್ಲ" ಅಂದೆ. "ನೀನು ಜಗ್ಗೋದು ನಿಲ್ಸು. ನಮ್ಮ ಕಂಪ್ಯೂಟರಿಗೂ ಸ್ಪೀಡು ಬರ್ಲಿ."

"ಏನು ಜಗ್ಗೋದು?"

"ಇಂಟರ್ನೆಟ್ಟು!"

ನಕ್ಕಳು. ಮಂಡಿ ಹಿಡಿದುಕೊಂಡು ನಕ್ಕಳು. ಆಮೇಲೆ ಎದ್ದು ನಿಂತಳು. "ನಡೀರಿ, ನಿಮ್ಮ ವೈರ್ ತೋರ್ಸಿ."

ಕೈಕಂಬಿ ಹಿಡಿದು, ಒಂದು ಮೆಟ್ಟಿಲಿಗೆ ಎರಡೂ ಕಾಲಿಟ್ಟು ನಿಧಾನವಾಗಿ ಇಳಿದಳು. ಡಬ್ಬಿಯ ದೀಪ ನೋಡಿದಳು. ನಮ್ಮ ವೈರು ಹಿಡಿದು ಗೋಡೆಯ ತೂತಿನ ತನಕ ಬಂದಳು, ಆ ಕಡೆಯ ಕೋಣೆಗೆ ಹೋದಳು, ಬೀರುವಿನ ಮುಂದೆ ನಿಂತಳು.

"ನಾಗು, ಇದನ್ನ ಸ್ವಲ್ಪ ಎತ್ತೋ."

ನಾಗರಾಜ ಮತ್ತೆ ಗೊಣಗಿಕೊಂಡು ಎತ್ತಿದ. ನನ್ನ ಅಚ್ಚುಕಟ್ಟು ಈಚೆಗೆ ಬಂತು. ಬೀರುವಿನ ಕಾಲು ಕೂತಲ್ಲಿ ವೈರು ಹಪ್ಪಳವಾಗಿತ್ತು. ಮಡಿಕೆ ಮಡಿಕೆಯಲ್ಲೂ ಬಿಳೀ ಗೆರೆ.

ಪದ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನಾಗರಾಜ ಇಟ್ಟುಕೊಳ್ಳಲಿಲ್ಲ.

"ಅಮ್ಮ, ನೀನು ಇಂಟರ್ನೆಟ್ಟಿಗೆ ಇಸ್ತ್ರಿ ಹಾಕಿದೀಯ!"

"ಇದು ಕರೆಂಟ್ ವೈರ್ ಥರ ಅಲ್ಲ ಅಕ್ಕ" ಅಂದಳು ಪದ್ಮ. "ಒಳಗೆ ಎಂಟು ಎಳೆ ಇರತ್ತೆ. ಎರಡೆರಡು ಸೇರ್ಸಿ ಹೊಸೆದಿರ್ತಾರೆ, ಬತ್ತಿ ಹೊಸೆದ ಹಾಗೆ. ಆ ಹೊಸೆತ ನೆಟ್ಟಗಿದ್ರೆ ಒಂದು ಜೊತೆ ಮಾತು ಇನ್ನೊಂದು ಜೊತೆಗೆ ನುಗ್ಗಲ್ಲ. ಹೀಗೆ ಮುರಿದು ಮಡಿಸಿ ಮೇಲೆ ಬೀರು ಹೇರಿದ್ರೆ ಹೊಸೆತಾನೂ ಕೆಡತ್ತೆ, ಎಳೇನೂ ಸೀಳತ್ತೆ. ಕಳ್ಸಿದ್ರಲ್ಲಿ ಅರ್ಧ ದಾರೀಲೇ ಹಾಳಾಗತ್ತೆ. ಕಂಪ್ಯೂಟರ್ ಮತ್ತೆ ಕಳ್ಸತ್ತೆ, ಮತ್ತೆ ಹಾಳಾಗತ್ತೆ. ಅದೇ ನಿಮ್ಮ ಸುತ್ತು."

"ಉದ್ದ ಜಾಸ್ತಿ ಆಯ್ತು ಅಂತಲೇ ಹೀಗಾಗಿದ್ದು, ಅಲ್ವಾ ಚಿಕ್ಕಮ್ಮ?" ಅಂದ ನಾಗರಾಜ. ನನ್ನ ಕಡೆ ನೋಡಿಕೊಂಡೇ ಅಂದ.

"ಉದ್ದದಿಂದ ಏನೂ ಇಲ್ವೋ. ನಂದೂ ಅಷ್ಟೇ ಉದ್ದ ಅಲ್ವಾ? ಚೆನ್ನಾಗೇ ಇದೆ. ಒಂದು ಮನೆಯೊಳಗಿನ ಉದ್ದ ಇದಕ್ಕೆ ಲೆಕ್ಕಾನೇ ಅಲ್ಲ."

ಕೇಳಿದಿರಾ? ಸಮಪಾಲು ಕೇಳಿದ್ದು ತಪ್ಪಲ್ಲ ಅಂತ ಅವಳ ಬಾಯಿಂದಲೇ ಬಂತು. ಮಡಿಸಿದ್ದು ಮಾತ್ರ ತಪ್ಪು. ಮಡಿಸಬಾರದು ಅಂತ ಕೇಬಲ್ಲಿನವನು ಹೇಳಬೇಕಾಗಿತ್ತು. ಹೇಳಿದನೇ? ಇಲ್ಲ.

"ಡಬ್ಬಿ ಜೊತೆ ಒಂದು ಚಿಕ್ಕ ವೈರ್ ಬಂದಿತ್ತಲ್ಲ, ಹಳದಿದು. ಎಲ್ಲಿ?" ಅಂದಳು.

ಇತ್ತು. ಅಟ್ಟದ ಮೇಲೆ ಡಬ್ಬಿಯ ರಟ್ಟಿನ ಪೆಟ್ಟಿಗೆಯಲ್ಲೇ, ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ ಇಟ್ಟಿದ್ದೆ. ಅಷ್ಟು ಗಿಡ್ಡ ವೈರು ನಮಗೇಕೆ ಅಂತ. ನಾಗರಾಜ ಇಳಿಸಿಕೊಟ್ಟ. ಈ ಕಡೆ ಒಂದು ತುದಿ, ಆ ಕಡೆ ಒಂದು ತುದಿ. ಟಿಕ್, ಟಿಕ್. ಚೈತ್ರ ಕಂಪ್ಯೂಟರಿನ ಮುಂದೆ ಕೂತು ಏನೋ ಒತ್ತಿದಳು.

"ಅಜ್ಜೀ! ಹೋಯ್ತು!"

"ಏನು ಹೋಯ್ತು?"

"ಮೇಲ್ ಹೋಯ್ತು. ಟಕ್ ಅಂತ!"

ಪದ್ಮ ಹಪ್ಪಳವಾದ ವೈರನ್ನು ಸುತ್ತಿ ನನ್ನ ಕೈಗೆ ಕೊಟ್ಟಳು. "ಬಟ್ಟೆ ಒಣಗ್ಹಾಕಕ್ಕೆ ಆಗತ್ತೆ, ಇಟ್ಕೊಳಿ" ಅಂದಳು. ಆಮೇಲೆ ಕೈಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಹೋದಳು. ನಾನು ಬಾಗಿಲು ಹಾಕಿಕೊಂಡು ಒಳಗೆ ಬಂದೆ. ಸ್ಪೀಡು ನೋಡಬೇಕಾಗಿತ್ತಲ್ಲ.

ಅದಾದ ಮೇಲೆ ಬರೆದದ್ದು ನೀವು ಕಳೆದ ವಾರ ಓದಿದ ಫುಟ್‌ಪಾತಿನ ಅಂಕಣ. ಪೂರ್ತಿ ನನ್ನದು. ಚೈತ್ರ ನನ್ನ ಕಣ್ಣೆದುರಿಗೇ ಕುಟ್ಟಿದಳು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದೆ. ಮಹಡಿ ಹತ್ತುವುದಿಲ್ಲ, ಕೋಡುಬಳೆ ಇಲ್ಲ, ನಗು ಇಲ್ಲ. ಕೊನೆಯ ಸಾಲನ್ನು ನಾನೇ ಬರೆದೆ: "ಆದ್ದರಿಂದ ಕಾರ್ಪೊರೇಷನ್ನಿನವರು ಫುಟ್‌ಪಾತ್ ಸರಿ ಮಾಡಬೇಕು." ಟಕ್ ಅಂತ ಹೋಯಿತು.

ಪತ್ರಿಕೆ ಬಂದ ಮಾರನೆಯ ಬೆಳಿಗ್ಗೆ ಸ್ವಲ್ಪ ಒಳ್ಳೆ ಸೀರೆ ಉಟ್ಟುಕೊಂಡೇ ಹಾಲಿನ ಬೂತಿಗೆ ಹೋದೆ. ಮೇಷ್ಟ್ರು ಇದ್ದರು. ನಾನೂ ಕೆಮ್ಮಿದೆ.

"ಓ, ಬನ್ನಿ ಅಮ್ಮ. ಹಾಲು ಇನ್ನೂ ಬಂದಿಲ್ಲ."

"ಪೇಪರ್ ಬಂತಾ?"

"ಬಂತು ಬಂತು."

"ಓದಿದ್ರಾ?"

"ಹೂಂ. ಫುಟ್‌ಪಾತ್ ಸರಿ ಮಾಡ್ಬೇಕು. ನಿಜ." ಸ್ವಲ್ಪ ಹೊತ್ತು ಚಪ್ಪಲಿಯಿಂದ ನೆಲ ಕೆರೆದರು. "ಹುಷಾರಾಗಿದೀರಾ ತಾನೆ? ಈ ಸಲ ಕೊನೇಲಿ ಯಾಕೋ ಉಪ್ಪು ಕಮ್ಮಿ ಅನ್ನಿಸ್ತು."

ಹಾಲು ತೆಗೆದುಕೊಳ್ಳದೆಯೇ ಮನೆಗೆ ಬಂದೆ.

ನನಗೆ ಏನನ್ನಿಸಿತು ಅಂತ ಬಿಡಿಸಿ ಹೇಳಬೇಕೇ? ಸೀರೆ, ವಾಚು, ಕಾಫಿ, ಪೆನ್ಶನ್ನು, ಎಲ್ಲ ತಡೆದುಕೊಂಡೆ. ಅವಳು ಪಗಾರ ತಂದಾಗಲೂ ಉರಿಯದಷ್ಟು, 'ಉಪ್ಪು ಕಮ್ಮಿ' ಅನ್ನುವ ಒಂದು ಮಾತಿಗೆ ಉರಿಯಿತು. ಸ್ಪೀಡು ಹಜಾರದಿಂದ ತಂದುಕೊಳ್ಳಬಹುದು. ಆ ಸಾಲನ್ನು ಯಾವ ಡಬ್ಬಿಯಿಂದ ಎಳೆಯಲಿ? ಯಾವ ಗೋಡೆಗೆ ತೂತು ಹಾಕಲಿ?

ಈ ವಾರ ಇಷ್ಟನ್ನು ಬರೆದು ಹಾಳೆಗಳನ್ನು ಚೈತ್ರಳ ಕೈಗೆ ಕೊಟ್ಟೆ. ಅವಳು ನಮ್ಮ ಕಂಪ್ಯೂಟರಿನ ಮುಂದೆ ಕೂರಲು ಹೋದಳು.

"ಇಲ್ಲಿ ಬೇಡ. ಮೇಲೆ ಹೋಗು."

"ಯಾಕಜ್ಜಿ? ಈಗ ಎರಡೂ ಕಡೆ ಒಂದೇ ಸ್ಪೀಡು."

"ನಂಗೆ ಹೇಳ್ಕೊಡಬೇಡ. ಮೇಲಿನದು ಒಂಚೂರು ಜಾಸ್ತಿನೇ ಇದೆ. ಹೋಗು."

ಹಲ್ಲು ಕಿರಿದುಕೊಂಡು ಓಡಿದಳು. ಮೇಲಿಂದ ಆಗಲೇ ಕೋಡುಬಳೆಯ ಸದ್ದು ಬರುತ್ತಿದೆ.

ಈ ಕೊನೆಯ ಹಾಳೆಯನ್ನೂ ಅವಳ ಹಿಂದೆಯೇ ಮೇಲಕ್ಕೆ ಕಳಿಸುತ್ತಿದ್ದೇನೆ. ಇಲ್ಲಿಯ ತನಕ ಬರೆದದ್ದು ನಾನು. ಕೆಳಗೆ ಒಂದು ಸಾಲಿನ ಜಾಗ ಬಿಟ್ಟಿದ್ದೇನೆ. ಚೆನ್ನಾಗಿದ್ದರೆ ದಯವಿಟ್ಟು ಹಾಲಿನ ಬೂತಿನ ಹತ್ತಿರ ನನಗೆ ಹೇಳಬೇಡಿ.

ಅಕ್ಕನ ವೈರು ನೆಟ್ಟಗಾಯಿತು. ನನ್ನ ಮಂಡಿ ಹೇಗಿದೆ ಎಂದು ಅಕ್ಕ ಇನ್ನೂ ಕೇಳಿಲ್ಲ.